ಉರಿಮೂತ್ರಕ್ಕೆ ಗುಳಿಗೆಯೊಂದೇ ಮದ್ದಲ್ಲ

ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಲಿಂಗಸುಗೂರು, ಸಿಂಧನೂರು, ಮಸ್ಕಿ ಸೀಮೆಯಲ್ಲಿ ಉರಿಮೂತ್ರವನ್ನು ಉಷ್ಣದ ಲೆಕ್ಕಕ್ಕೆ ಹಾಕುವುದು ಸುಲಭ. ಆ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಬೆವರು ಹರಿದು ಮೈಯಲ್ಲಿ ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಉರಿಸುತ್ತದೆ, ಮಜ್ಜಿಗೆ ಕುಡಿದರೆ ತಣಿಯುತ್ತದೆ. ಆದರೆ ಉರಿಯ ಜೊತೆಗೆ ಪದೇ ಪದೇ ಅವಸರ, ಹೋದರೆ ನಾಲ್ಕೇ ಹನಿ, ಕಿಬ್ಬೊಟ್ಟೆ ನೋವು, ಕದಡಿದ ಅಥವಾ ರಕ್ತ ಬೆರೆತ ಮೂತ್ರ ಕಂಡರೆ ಅದು ಹೆಚ್ಚಾಗಿ ಸೋಂಕೇ. ಬಹುಪಾಲು ಸಲ ಕಾರಣ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ ಇರುವುದರಿಂದ ಅದು ಮೂತ್ರಕೋಶ ಸೇರುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ ಬಂತೆಂದರೆ ಸೋಂಕು ಕಿಡ್ನಿಗೆ ಏರಿರಬಹುದು. ಆಗ ಬಾರ್ಲಿ ನೀರು ನಂಬಿ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬಸುರಿಯರಂತೂ ಸಣ್ಣ ಉರಿಯನ್ನೂ ಕಡೆಗಣಿಸಬಾರದು.

ಮೂತ್ರಕೋಶದ ಸಾಮಾನ್ಯ ಸೋಂಕಿಗೆ ನೈಟ್ರೊಫ್ಯುರಾಂಟಾಯಿನ್ ಐದು ದಿನ, ಇಲ್ಲವೆ ಫಾಸ್ಫೊಮೈಸಿನ್ ಒಂದೇ ಸಲ, ವೈದ್ಯರು ಬರೆದುಕೊಡುವ ಮದ್ದು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಎರಡು ಗುಳಿಗೆ ಉರಿ ಅಡಗಿಸಬಹುದು, ಆದರೆ ಉಳಿದ ಬ್ಯಾಕ್ಟೀರಿಯಾ ಮದ್ದಿಗೆ ಜಗ್ಗದಂತಾಗುತ್ತವೆ. ನಮ್ಮ ದೇಶದಲ್ಲಿ ಸಿಪ್ರೊಫ್ಲಾಕ್ಸಸಿನ್ ಈ ಸೋಂಕಿಗೆ ತನ್ನ ಬಲ ಬಹುಮಟ್ಟಿಗೆ ಕಳೆದುಕೊಂಡದ್ದು ಹೀಗೆಯೇ. ಸರಿಯಾದ ಮದ್ದು ಸಿಕ್ಕರೂ ಕೆಲಸ ಅರ್ಧವೇ ಆಯಿತು. ಮರುಕಳಿಸುವ ಸೋಂಕಿದ್ದ 140 ಹೆಂಗಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿದವರಿಗೆ ಸೋಂಕು ಸುಮಾರು ಅರ್ಧಕ್ಕೆ ಇಳಿಯಿತು. ಮೂತ್ರ ಹರಿದಷ್ಟೂ ಬ್ಯಾಕ್ಟೀರಿಯಾ ತೊಳೆದುಹೋಗುತ್ತದೆ. ಆದರೆ ಸಿಂಧನೂರಿನ ಕಾಲುವೆ ಬಯಲಲ್ಲಿ ಭತ್ತ ನಾಟಿ ಮಾಡುವ ಹೆಂಗಸು ನೀರು ಕುಡಿದರೆ ಮರೆಗೆ ಎಲ್ಲಿಗೆ ಹೋಗಬೇಕು? ಸುತ್ತಲೂ ಕೆಸರು, ಗಂಡಸರ ಕಣ್ಣು. ಕುಡಿಯದಿರುವುದೇ ಅವಳಿಗೆ ಉಳಿದ ದಾರಿ.

ಮನೆಮನೆಗೆ ಶೌಚಾಲಯ ಬಂದಿದೆಯಲ್ಲ ಎನ್ನುವವರಿದ್ದಾರೆ. ಬಂದಿರುವುದು ಮನೆಗೆ, ಹಗಲು ಕಳೆಯುವ ಹೊಲಕ್ಕಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೂಡ ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆ ಇರಬೇಕೆಂದಿತು. ಶೌಚದ ಮರೆಯನ್ನು ಆ ಸಾಲಿಗೆ ಸೇರಿಸಲಿಲ್ಲ. ಖರ್ಚಿನ ಆಕ್ಷೇಪವೂ ನಿಲ್ಲದು: ನಾಲ್ಕು ಗಳ, ಒಂದು ತಾಡಪತ್ರಿ, ಒಂದು ಕೊಡ ನೀರು, ನಡುವೆ ಹತ್ತು ನಿಮಿಷ ಬಿಡುವು. ಮುಂದಿನ ನಾಟಿಗೆ ಆಳು ಕರೆಯುವ ಹೊಲದ ಯಜಮಾನರು ಕೂಲಿ ಮಾತಾಡುವಾಗಲೇ ಇದನ್ನೂ ಒಪ್ಪಿಕೊಳ್ಳಲಿ, ಗ್ರಾಮ ಪಂಚಾಯಿತಿಗಳು ಅದನ್ನು ಕೇಳಿ ಮಾಡಿಸಲಿ.