ತಂತ್ರಾಂಶದ ಪರೀಕ್ಷೆ: ವರ್ತಕನೂ ಓದುವಂತಿರಲಿ

ಕೊಲ್ಹಾರದ ಗಡಿಗೆ ಮೊಸರಿಗೆ ದೊಡ್ಡ ಹೆಸರಿದೆ. ಆದರೆ ಮೊಸರಿನ ತೆರಿಗೆಯ ಲೆಕ್ಕ ಅಷ್ಟು ಸರಳವಲ್ಲ. ಗಿರಾಕಿಯ ಮುಂದೆ ಅಳೆದು ಕೊಡುವ ಬಿಡಿ ಮೊಸರಿಗೆ ಜಿಎಸ್‌ಟಿ ಇಲ್ಲ. ಮೊದಲೇ ತುಂಬಿ ಲೇಬಲ್ ಅಂಟಿಸಿದ ಡಬ್ಬಿಯ ಮೊಸರಿಗೆ 2022ರ ಜುಲೈ 18ರಿಂದ ಶೇ. 5ರಷ್ಟು ತೆರಿಗೆ ಬಂದಿತು. ಅದೇ ಅಂಗಡಿಯ ತುಪ್ಪದ ಮೇಲಿದ್ದ ಶೇ. 12ರ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಬಿಲ್ಲು ಮಾಡುವ ತಂತ್ರಾಂಶವು ಇದನ್ನೆಲ್ಲ ಅರಿತಿದೆಯೇ ಎಂಬುದು ವರ್ತಕನಿಗೆ ತಿಳಿಯುವುದು ಬಹುಮಟ್ಟಿಗೆ ನೋಟೀಸು ಬಂದ ಮೇಲೆಯೇ. ಕಡಿಮೆ ಕಟ್ಟಿದ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿಯನ್ನು ತೆರಬೇಕಾದವನು ಅವನೇ ಹೊರತು ತಂತ್ರಾಂಶ ಬರೆದವನಲ್ಲ.

ಆದುದರಿಂದ ಸ್ವಂತ ತಂತ್ರಾಂಶ ಬರೆಯಿಸುವ ವರ್ತಕರು ‘ನಡವಳಿಕೆ ಆಧಾರಿತ ಪರೀಕ್ಷೆ’ಯ ಚೌಕಟ್ಟುಗಳ ಆಯ್ಕೆಯನ್ನು ಗಣಕ ತಜ್ಞರಿಗಷ್ಟೇ ಬಿಡುವುದು ಉಚಿತವಲ್ಲ. ಈ ಪದ್ಧತಿಯಲ್ಲಿ ತಂತ್ರಾಂಶವು ಹೇಗೆ ವರ್ತಿಸಬೇಕೆಂಬುದನ್ನು ಮೊದಲು ಸರಳ ವಾಕ್ಯಗಳಲ್ಲಿ ಬರೆದಿಡಲಾಗುತ್ತದೆ. ಬಳಿಕ ಗಣಕಯಂತ್ರವೇ ಆ ವಾಕ್ಯಗಳನ್ನು ಒಂದೊಂದಾಗಿ ತಾಳೆ ನೋಡುತ್ತದೆ. ಸಾವಿರ ರೂಪಾಯಿಯ ತುಪ್ಪಕ್ಕೆ ಸೆಪ್ಟೆಂಬರ್ 21ರಂದು ಬಿಲ್ಲು ಮಾಡಿ ಹಣ ಪಡೆದು ಮಾಲು ಕೊಟ್ಟರೆ ತೆರಿಗೆ 120 ರೂಪಾಯಿ. ಮರುದಿನವಾದರೆ 50 ರೂಪಾಯಿ. ಇದನ್ನು ಯಾವ ಗುಮಾಸ್ತನೂ ಓದಿ ಸರಿ ಅಥವಾ ತಪ್ಪು ಎನ್ನಬಲ್ಲ.

ತೊಡಕಿರುವುದು ನಡುವಿನ ಪ್ರಸಂಗಗಳಲ್ಲಿ. ಮಾಲು 21ರಂದೇ ಹೋಗಿ, ಬಿಲ್ಲು ಮತ್ತು ಹಣ ಎರಡೂ 22ರ ನಂತರ ಆದರೆ ಕಾಯಿದೆಯ 14ನೆಯ ಕಲಮಿನಂತೆ ಹೊಸ ದರ ಅನ್ವಯವಾಗುತ್ತದೆ. ಬಿಲ್ಲು 21ರೊಳಗೆ ಆಗಿ ಹಣ ಮಾತ್ರ ನಂತರ ಬಂದರೆ ಹಳೆಯ ದರವೇ. ಹಳೆಯ ದರದಲ್ಲಿ ಮಾರಿದ ಡಬ್ಬಿ ಅಕ್ಟೋಬರಿನಲ್ಲಿ ಮರಳಿ ಬಂದರೆ ಕ್ರೆಡಿಟ್ ನೋಟು ಶೇ. 12ರಂತೆಯೇ ಆಗಬೇಕು. ಇಂತಹ ಸಂಗತಿಗಳು ಪ್ರೋಗ್ರಾಮು ಬರೆಯುವ ತರುಣನಿಗೆ ತಾವಾಗಿ ಹೊಳೆಯಲಾರವು. ಲೆಕ್ಕ ಬಲ್ಲವರು ಕುಳಿತು ಬರೆಯಿಸಬೇಕು.

2008ರಲ್ಲಿ ಹೊರಬಂದ ಕುಕುಂಬರ್ ಎಂಬ ಚೌಕಟ್ಟಿನ ಗರ್ಕಿನ್ ಬರಹಪದ್ಧತಿಯಲ್ಲಿ ಕನ್ನಡಕ್ಕೂ ಸ್ಥಾನವಿದೆ. ಸಾಲುಗಳು ‘ನೀಡಿದ’, ‘ಸ್ಥಿತಿಯನ್ನು’, ‘ನಂತರ’ ಎಂಬ ಪದಗಳಿಂದ ಆರಂಭವಾಗುತ್ತವೆ. ಈ ಅನುವಾದ ಹಿತವಾಗಿಲ್ಲವೆಂಬುದು ನಿಜ. ‘ವೈಶಿಷ್ಟ್ಯ’ ಎನ್ನಬೇಕಾದಲ್ಲಿ ‘ಹೆಚ್ಚಳ’ ಎಂದಿರುವುದಂತೂ ನಗು ತರಿಸುತ್ತದೆ. ಆದರೂ ಉಳಿದ ವಾಕ್ಯವನ್ನು ಅಂಗಡಿಯ ಮಾತಿನಲ್ಲೇ ಬರೆಯಬಹುದಾದ್ದರಿಂದ ಅರ್ಥಕ್ಕೆ ಬಾಧಕವಿಲ್ಲ.

ಯಾವ ಚೌಕಟ್ಟೆಂಬುದು ಬಹುಪಾಲು ತಂತ್ರಾಂಶದ ಭಾಷೆಯಿಂದಲೇ ತೀರ್ಮಾನವಾಗುತ್ತದೆ: ಜಾವಾದಲ್ಲಿ ಬರೆದರೆ ಕುಕುಂಬರ್ ಅಥವಾ ಜೆಬಿಹೇವ್, ಪೈಥಾನ್ ಆದರೆ ಬಿಹೇವ್, ಪಿಎಚ್‌ಪಿ ಆದರೆ ಬಿಹ್ಯಾಟ್. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ. ಈ ವಾಕ್ಯಗಳನ್ನು ವರ್ತಕನಾಗಲಿ ಅವನ ಲೆಕ್ಕಿಗನಾಗಲಿ ಓದುವರೇ? ಪ್ರತಿಯೊಂದು ವಾಕ್ಯದ ಹಿಂದೆ ಅದನ್ನು ತಂತ್ರಾಂಶಕ್ಕೆ ಜೋಡಿಸುವ ಪ್ರೋಗ್ರಾಮನ್ನೂ ಬರೆಯಬೇಕು. ಆ ದುಡಿಮೆಗೆ ಹಣ ತೆರಬೇಕು. ಓದುವವರೇ ಇಲ್ಲದಿದ್ದರೆ ಅದು ದಂಡ. ಆಗ ಜೆಯುನಿಟ್, ಪೈಟೆಸ್ಟ್‌ನಂತಹ ಸಾಧಾರಣ ಪರೀಕ್ಷಾ ಸಾಧನಗಳೇ ಸಾಕು.

ಚೌಕಟ್ಟಿನ ಆಯುಷ್ಯವನ್ನೂ ಗಮನಿಸತಕ್ಕದ್ದು. ಡಾಟ್‌ನೆಟ್ ಬಳಕೆದಾರರಲ್ಲಿ ಪ್ರಚಲಿತವಾಗಿದ್ದ ಸ್ಪೆಕ್‌ಫ್ಲೋಗೆ 2024ರ ಅಂತ್ಯಕ್ಕೆ ಬೆಂಬಲ ನಿಂತುಹೋಯಿತು. ಅದರಿಂದಲೇ ಕವಲೊಡೆದ ರೆಕ್‌ಎನ್‌ರೋಲ್ ಈಗ ಅದರ ಸ್ಥಾನದಲ್ಲಿದೆ. ಪರೀಕ್ಷಾ ವಾಕ್ಯಗಳು ಗರ್ಕಿನ್‌ನ ಸಾದಾ ಕಡತಗಳಲ್ಲಿದ್ದವರು ಅವನ್ನು ಹಾಗೆಯೇ ಹೊಸದಕ್ಕೆ ಒಯ್ಯಬಹುದಾಗಿತ್ತು. ಆ ಕಡತಗಳು ವರ್ತಕನ ಸ್ವತ್ತೆಂದು ಕರಾರಿನಲ್ಲಿ ನಮೂದಿಸಿ, ಕೊನೆಯ ಕಂತಿನ ಹಣ ಕೊಡುವ ಮುನ್ನವೇ ಅವನ್ನು ವಶಕ್ಕೆ ಪಡೆಯತಕ್ಕದ್ದು.