ಓವನ್ ಕೆಟ್ಟರೆ ಕೆಟ್ಟಿತೇ?

ಮಿಕ್ಸಿ ಕೆಟ್ಟರೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ಒಯ್ದರಾಯಿತು. ಮೈಕ್ರೋವೇವ್ ಓವನ್ ಕೆಟ್ಟಾಗ ಮಾತ್ರ ಮನೆಯಲ್ಲಿ ಸಣ್ಣದೊಂದು ಅಧಿವೇಶನವೇ ನಡೆಯುತ್ತದೆ. ‘ರಿಪೇರಿ ಮಾಡಿಸೋಣ’ ಎನ್ನುವುದು ಒಂದು ಪಕ್ಷ. ‘ಹೊಸದು ತರೋಣ’ ಎನ್ನುವುದು ಇನ್ನೊಂದು. ‘ಒಳಗೊಂದು ವೈರ್ ಎಳೆದರೆ ನಡೆಯುತ್ತೆ’ ಎನ್ನುವ ಮೂರನೆಯ ಪಕ್ಷವೂ ಉಂಟು. ಮೂರರಲ್ಲಿ ಅಗ್ಗದ್ದು ಅದೇ, ಅಪಾಯದ್ದೂ ಅದೇ.

ತೀರ್ಮಾನಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಕೆಟ್ಟಿರುವುದು ಯಾವ ಭಾಗ?

ಓವನ್ನಿನ ಜೀವವೆಂದರೆ ಮ್ಯಾಗ್ನೆಟ್ರಾನ್. ಎರಡನೇ ಮಹಾಯುದ್ಧದಲ್ಲಿ ರಾಡಾರ್‌ಗೆ ಬಳಕೆಯಾಗುತ್ತಿದ್ದ ಈ ಕೊಳವೆ ಅಡುಗೆಗೂ ಒದಗೀತೆಂದು 1945ರಲ್ಲಿ ಕಂಡುಕೊಂಡವರು ಅಮೆರಿಕದ ಪರ್ಸಿ ಸ್ಪೆನ್ಸರ್. ಇದಕ್ಕೆ ನಮ್ಮ ಮನೆಯ 230 ವೋಲ್ಟ್ ಸಾಲದು. ಸಾಮಾನ್ಯ ಓವನ್ನುಗಳಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್ ಸೇರಿ ಅದನ್ನು ಸುಮಾರು 4,000 ವೋಲ್ಟಿಗೆ ಏರಿಸುತ್ತವೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಆದ್ದರಿಂದ ಸ್ಕ್ರೂಡ್ರೈವರ್ ಹಿಡಿದು ಹೊರಕವಚ ಬಿಚ್ಚುವ ಸಾಹಸ ಮನೆಯವರಿಗೆ ಬೇಡ.

ಕವಚ ಬಿಚ್ಚದೆಯೇ ತಿಳಿಯುವ ಸಂಗತಿಗಳು ಬೇಕಾದಷ್ಟಿವೆ. ತಟ್ಟೆ ತಿರುಗದಿದ್ದರೆ ಅದರ ಕೆಳಗಿನ ಚಕ್ರದ ಬಳೆ ಸರಿಯಾಗಿ ಕೂತಿದೆಯೇ ನೋಡಿ. ಒಳಗೆ ಕಿಡಿ ಹಾರಿದರೆ ಕೂಡಲೇ ನಿಲ್ಲಿಸಿ. ಒಳಗೋಡೆಯ ಕಾಗೆಬಂಗಾರದ ಹಾಳೆಯ ಮೇಲೆ ಸಿಡಿದ ಎಣ್ಣೆ, ಸಾರು ಸುಟ್ಟು ಕರಿಯಾಗಿರುವುದೇ ಹಲವು ಸಲ ಕಾರಣ. ಹಾಳೆ ಬದಲಾಯಿಸಲು ದೊಡ್ಡ ಖರ್ಚಿಲ್ಲ. ಬಟನ್ ಒತ್ತಿದರೆ ಸ್ಪಂದಿಸದಿದ್ದರೆ ಒಳಗೆ ಜಿರಳೆ ಸಂಸಾರ ಹೂಡಿರಲೂಬಹುದು. ಇಂಥವಕ್ಕೆಲ್ಲ ರಿಪೇರಿಯೇ ಸರಿ.

ದೀಪ ಹತ್ತುತ್ತದೆ, ತಟ್ಟೆ ತಿರುಗುತ್ತದೆ, ಅನ್ನ ಮಾತ್ರ ಬಿಸಿಯಾಗದು ಎಂದರೆ ಹೀಗೆ ಮಾಡಿ. ಗಾಜಿನ ಬೋಗುಣಿಯಲ್ಲಿ ಒಂದು ಲೀಟರ್ ತಣ್ಣೀರಿಟ್ಟು ಪೂರ್ಣ ಶಕ್ತಿಯಲ್ಲಿ ಒಂದು ನಿಮಿಷ ಓಡಿಸಿ. ನೀರನ್ನು ಕಲಕಿ, ಉಷ್ಣತೆ ಎಷ್ಟು ಡಿಗ್ರಿ ಸೆಲ್ಸಿಯಸ್ ಏರಿತೆಂದು ಅಡುಗೆಯ ಥರ್ಮಾಮೀಟರಿನಲ್ಲಿ ಅಳೆದು 70ರಿಂದ ಗುಣಿಸಿ. ಬರುವುದು ಓವನ್ನಿನ ಶಕ್ತಿ, ವ್ಯಾಟ್‌ಗಳಲ್ಲಿ. 800 ವ್ಯಾಟಿನದು 11 ಡಿಗ್ರಿಯಷ್ಟು ಏರಿಸಬೇಕು. ನಾಲ್ಕೈದಕ್ಕೇ ನಿಂತರೆ ಮ್ಯಾಗ್ನೆಟ್ರಾನ್ ಸೋತಿರಬಹುದು. ಆದರೆ ವೋಲ್ಟೇಜ್ ಕಡಿಮೆಯಿದ್ದರೂ ಹೀಗಾಗುತ್ತದೆ, ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿ. ಮ್ಯಾಗ್ನೆಟ್ರಾನೇ ಹೋಗಿದ್ದರೆ ಖರ್ಚು ಕೇಳಿ. ಹೊಸ ಓವನ್ನಿನ ಅರ್ಧ ಬೆಲೆ ದಾಟುವಂತಿದ್ದರೆ ಹಳೆಯದಕ್ಕೆ ವಿದಾಯ ಹೇಳುವುದು ಲೇಸು.

ಬಾಗಿಲಿನ ವಿಷಯದಲ್ಲಿ ಮಾತ್ರ ಹಣದ ಲೆಕ್ಕ ಬೇಡ. ಬಾಗಿಲು ಸೊಟ್ಟಗಾಗಿದ್ದರೆ, ಗಾಜು ಬಿರಿದಿದ್ದರೆ, ಒಳಗೋಡೆ ತುಕ್ಕು ಹಿಡಿದು ತೂತಾಗಿದ್ದರೆ ಆ ಕ್ಷಣದಿಂದಲೇ ಬಳಕೆ ನಿಲ್ಲಿಸಿ. ಬಾಗಿಲಿಗೆ ತಕ್ಕ ಅಸಲಿ ಬಿಡಿಭಾಗ ಸಿಗದಿದ್ದರೆ ಹೊಸ ಓವನ್ನೇ ಗತಿ. ಗೋಡೆ ತೂತಾಗಿದ್ದರಂತೂ ಎರಡನೇ ಯೋಚನೆಯೇ ಬೇಡ.

ಇನ್ನು ಆ ಮೂರನೆಯ ಪಕ್ಷ. ಬಾಗಿಲ ಬಳಿ ಸಾಮಾನ್ಯವಾಗಿ ಮೂರು ಸ್ವಿಚ್‌ಗಳಿರುತ್ತವೆ. ಬಾಗಿಲು ತೆರೆದೊಡನೆ ಎರಡು ವಿದ್ಯುತ್ತನ್ನು ಕಡಿದುಹಾಕುತ್ತವೆ. ಅವು ಕೈಕೊಟ್ಟರೆ ಮೂರನೆಯದು ಬೇಕೆಂದೇ ಫ್ಯೂಸ್ ಸುಡಿಸುತ್ತದೆ. ಅಂದರೆ ಸುಟ್ಟ ಫ್ಯೂಸ್ ಎಷ್ಟೋ ಸಲ ನಿಮ್ಮನ್ನು ಕಾಯ್ದ ಕಾವಲುಗಾರ. ಅದರ ಜಾಗದಲ್ಲಿ ದಪ್ಪ ತಂತಿ ಕಟ್ಟುವುದು, ಸ್ವಿಚ್‌ಗಳನ್ನು ನೇರ ಜೋಡಿಸುವುದು ಆ ಕಾವಲುಗಾರನನ್ನು ಮನೆಗೆ ಕಳಿಸಿದಂತೆ. ಬಾಗಿಲು ತೆರೆದಾಗಲೂ ಓವನ್ ಓಡಿದರೆ ಎದುರು ನಿಂತವರ ಕೈ, ಕಣ್ಣುಗಳೂ ಅದಕ್ಕೆ ಅಡುಗೆಯ ಪದಾರ್ಥವೇ. ಓವನ್ ರಿಪೇರಿಯಾಗಿ ಬಂದಾಗ ‘ಸ್ವಿಚ್ ಹಾಕಿದ್ದೀರೋ, ತಂತಿ ಕಟ್ಟಿದ್ದೀರೋ’ ಎಂದು ಕೇಳಲು ಸಂಕೋಚ ಬೇಡ. ತೆಗೆದ ಹಳೆಯ ಭಾಗವನ್ನೂ ಕೇಳಿ ಪಡೆಯಿರಿ.

ಹೊಸದು ಕೊಂಡಿರೋ, ಹಳೆಯದನ್ನು ತಿಪ್ಪೆಗೆ ಎಸೆಯಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಮೈಕ್ರೋವೇವ್ ಓವನ್ ಕೂಡ ಬರುತ್ತದೆ. ಅಧಿಕೃತ ಸಂಗ್ರಹಗಾರರಿಗೇ ಕೊಡಿ. ಅದಕ್ಕೂ ಮನಸ್ಸು ಬಾರದಿದ್ದರೆ ಪ್ಲಗ್ ಕಿತ್ತು ವೈರ್ ಕತ್ತರಿಸಿ ಬ್ರೆಡ್ಡು, ಹಪ್ಪಳ ಇಡುವ ಪೆಟ್ಟಿಗೆ ಮಾಡಿಕೊಳ್ಳಿ. ಓವನ್ನಿಗೆ ಮನೆಯವರು ಮಾಡಬಹುದಾದ ಮಾರ್ಪಾಡು ಅದೊಂದೇ!