ಪ್ರಿಂಟರ್ ಬೇಡ, ಆ ಹಣ ಲ್ಯಾಬಿಗೆ ಹೋಗಲಿ

ಚರ್ಚಿನ ಹಬ್ಬದ ದಿನ ತಿಂಡಿ ಸ್ಟಾಲು, ಹೌಸಿ ಹೌಸಿ ಎಲ್ಲ ಸೇರಿ ನಮ್ಮ ಘಟಕದ ಕೈಯಲ್ಲಿ ಈಗ ಸ್ವಲ್ಪ ಹಣ ಉಳಿದಿದೆ. ಅದರಲ್ಲಿ ಒಂದು ಒಳ್ಳೆಯ ಫೋಟೊ ಪ್ರಿಂಟರ್ ತೆಗೆದುಕೊಳ್ಳೋಣ ಎಂದು ಕಳೆದ ಮೀಟಿಂಗಿನಲ್ಲಿ ಸಲಹೆ ಬಂತು. ಆರು ಬಣ್ಣದ ಇಂಕ್ ಟ್ಯಾಂಕ್ ಇರುವಂಥದ್ದು, ಸುಮಾರು 18,000 ರೂಪಾಯಿ. ಕೈ ಎತ್ತಿದವರೇ ಹೆಚ್ಚು. "ಪ್ರತಿ ಸಲ ಸ್ಟುಡಿಯೋಗೆ ಓಡುವುದು ಯಾಕೆ ಮಾರಾಯ್ರೆ, ನಮ್ಮಲ್ಲೇ ಇದ್ದರೆ ಬೇಕಾದಾಗ ತೆಗೆಯಬಹುದಲ್ಲ" ಎಂಬ ಮಾತಿಗೆ ಆ ಹೊತ್ತಿಗೆ ನಮ್ಮಲ್ಲೂ ಉತ್ತರ ಇರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ಉತ್ತರ ಸಿಕ್ಕಿದೆ. ಪದಾಧಿಕಾರಿಗಳಾದ ನಮ್ಮ ಅಭಿಪ್ರಾಯ ಇಷ್ಟೇ: ಪ್ರಿಂಟರ್ ಬೇಡ.

ಮೊದಲು ಆ ಜುಲೈ ತಿಂಗಳ ಕತೆಯನ್ನು ನೆನಪಿಸಬೇಕು. ಹೊಸದಾಗಿ ಸೇರಿದವರಿಗೆ ಅದು ಗೊತ್ತಿಲ್ಲ, ಹಳಬರು ಮರೆತಂತೆ ನಟಿಸುತ್ತಿದ್ದಾರೆ.

2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಆರಂಭಿಸಿದ ಅಜ್ಜ-ಅಜ್ಜಿಯರ ಮತ್ತು ಹಿರಿಯರ ದಿನ ಬರುವುದು ಜುಲೈಯ ನಾಲ್ಕನೇ ಭಾನುವಾರ. ಎರಡು ವರ್ಷದ ಹಿಂದೆ ಆ ದಿನಕ್ಕೆ ನಾವು ವಾಳೆ ವಾಳೆಗೆ ಹೋಗಿ ಹಿರಿಯರ ಫೋಟೊ ತೆಗೆದೆವು. ಒಟ್ಟು 64 ಮಂದಿ. ಒಬ್ಬೊಬ್ಬರಿಗೂ ಅವರದೇ ಒಂದು ಫೋಟೊ ಕೊಡುವುದೆಂದು ತೀರ್ಮಾನವಾಯಿತು. ನಮ್ಮಲ್ಲೊಬ್ಬರ ಮನೆಯಲ್ಲಿ ಇಂಕ್‌ಜೆಟ್ ಪ್ರಿಂಟರ್ ಇತ್ತು. ಅದನ್ನು ಕೊನೆಯ ಸಲ ಓಡಿಸಿದ್ದು ಕ್ರಿಸ್ಮಸ್ ಸಮಯದಲ್ಲಿ. ಏಳು ತಿಂಗಳು ಸುಮ್ಮನೆ ಕೂತ ಯಂತ್ರವನ್ನು ಶನಿವಾರ ರಾತ್ರಿ ಎಬ್ಬಿಸಿದೆವು. ಕೆಂಪಿಗೆ ಬೇಕಾದ ಮೆಜೆಂಟಾ ಬಣ್ಣದ ರಂಧ್ರಗಳಲ್ಲಿ ಅರ್ಧದಷ್ಟು ಒಣಗಿ ಕಟ್ಟಿಕೊಂಡಿದ್ದವು. ಐದು ಸಲ ಹೆಡ್ ಕ್ಲೀನಿಂಗ್ ಕೊಟ್ಟೆವು. ಆ ಕ್ಲೀನಿಂಗ್ ಎಂದರೆ ಇಂಕನ್ನೇ ಒತ್ತಿ ಹೊರಗೆ ಚೆಲ್ಲುವುದು. ಹಾಗಾಗಿ ಫೋಟೊಗೆ ಹೋಗಬೇಕಾದ ಇಂಕು ಯಂತ್ರದ ಅಡಿಯ ಪ್ಯಾಡಿಗೆ ಹೋಯಿತು. ಬೆಳಿಗ್ಗೆಯ ಪೂಜೆಗೆ ಮೊದಲು ಮುಗಿಸಬೇಕಿದ್ದರಿಂದ ಬಂದದ್ದು ಬರಲಿ ಎಂದು ತೆಗೆದೆವು. ಹೊರಗೆ ಜಡಿಮಳೆ. ಸರಿಯಾಗಿ ಒಣಗುವ ಮೊದಲೇ ಪ್ಲಾಸ್ಟಿಕ್ ಕವರಿಗೆ ಹಾಕಿದ್ದರಿಂದ ಕೆಲವು ಅಂಟಿಕೊಂಡವು.

ಹಿರಿಯರು ಯಾರೂ ಬೈಯಲಿಲ್ಲ. ಒಬ್ಬರು ಅಜ್ಜಿ ಮಾತ್ರ ಕನ್ನಡಕ ಸರಿಮಾಡಿಕೊಂಡು ನೋಡಿ, "ಪುತಾ, ನಾನು ಇಷ್ಟು ಹಸಿರು ಯಾವಾಗ ಆದೆ?" ಎಂದು ಕೇಳಿದರು. ಎಲ್ಲರೂ ನಕ್ಕೆವು.

ಆ ಅಜ್ಜಿ ಕಳೆದ ವರ್ಷ ತೀರಿಕೊಂಡರು. ಅಂತ್ಯಕ್ರಿಯೆಗೆ ಇಡಲು ದೊಡ್ಡ ಫೋಟೊ ಬೇಕೆಂದು ಮನೆಯವರು ಹುಡುಕಿದಾಗ ಇತ್ತೀಚಿನದ್ದು ಎಂದು ಇದ್ದುದು ನಾವು ಕೊಟ್ಟದ್ದೊಂದೇ. ಕಿಟಕಿಯ ಎದುರು ಗೋಡೆಯಲ್ಲಿದ್ದ ಅದು ಅಷ್ಟರಲ್ಲಿ ಇನ್ನಷ್ಟು ಮಾಸಿಹೋಗಿತ್ತು. ಮೂಲ ಫೈಲ್ ಕೊಡಿ ಎಂದು ನಮಗೆ ಫೋನ್ ಬಂತು. ಫೋಟೊ ತೆಗೆದ ಮೊಬೈಲು ಹಾಳಾಗಿ ಬದಲಾಗಿತ್ತು. ಉಳಿದದ್ದು ವಾಟ್ಸಾಪ್ ಗ್ರೂಪಿನ ಪ್ರತಿ, ಉದ್ದದ ಬದಿಯಲ್ಲಿ 1,600 ಪಿಕ್ಸೆಲ್. ಚಂದದ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು ಎನ್ನುತ್ತಾರೆ. 8×12 ಇಂಚಿಗೆ ಹಿಗ್ಗಿಸಿದಾಗ ನಮ್ಮ ಪ್ರತಿಯಲ್ಲಿ ಇಂಚಿಗೆ 133 ಮಾತ್ರ ಸಿಕ್ಕಿತು. ಅಜ್ಜಿಯ ಮುಖ ಮಂಜಿನ ಹಿಂದೆ ಇದ್ದ ಹಾಗೆ ಬಂತು. ಅದೇ ಗೋಡೆಯಲ್ಲಿ ಅವರ ಮದುವೆಯ ಕಪ್ಪು-ಬಿಳುಪು ಸ್ಟುಡಿಯೋ ಫೋಟೊ ಇತ್ತು. ಸೀರೆಯ ನೆರಿಗೆ ಕೂಡ ಎಣಿಸಬಹುದಾಗಿತ್ತು.

ಅದಕ್ಕೇ ಈ ವಿಷಯದಲ್ಲಿ ಸ್ವಲ್ಪ ಹಟ ಹಿಡಿದಿದ್ದೇವೆ.

ಈಗ ಹಣದ ಲೆಕ್ಕ. ಕಳೆದ ಸಲ ಲ್ಯಾಬಿನಲ್ಲಿ 4×6 ಫೋಟೊ ಒಂದಕ್ಕೆ ನಾವು ಕೊಟ್ಟದ್ದು 12 ರೂಪಾಯಿ. ಮನೆಯಲ್ಲಿ ತೆಗೆದರೆ ಪೇಪರ್, ಇಂಕು ಸೇರಿ 6 ರೂಪಾಯಿ ಎಂದೇ ಇಟ್ಟುಕೊಳ್ಳೋಣ, ಹಾಳಾದ ಹಾಳೆಗಳನ್ನು ಬಿಟ್ಟುಬಿಡೋಣ. ಒಂದಕ್ಕೆ 6 ರೂಪಾಯಿ ಉಳಿತಾಯ. 18,000 ರೂಪಾಯಿ ವಾಪಸ್ ಬರಬೇಕಾದರೆ 3,000 ಫೋಟೊ ತೆಗೆಯಬೇಕು. ಪ್ರಥಮ ಪರಮಪ್ರಸಾದ, ಹಿರಿಯರ ದಿನ, ಚರ್ಚಿನ ಹಬ್ಬ, ಕ್ರಿಸ್ಮಸ್ ಎಲ್ಲ ಸೇರಿದರೂ ನಮಗೆ ವರ್ಷಕ್ಕೆ ಬೇಕಾಗುವುದು 300ರ ಆಸುಪಾಸು. ಅಂದರೆ ಹತ್ತು ವರ್ಷ. ಅಷ್ಟು ಕಾಲ ಬಾಳಿದ ಇಂಕ್‌ಜೆಟ್ ಪ್ರಿಂಟರನ್ನು ನಾವಂತೂ ಯಾರ ಮನೆಯಲ್ಲೂ ಕಂಡಿಲ್ಲ. ಹತ್ತು ವರ್ಷದಲ್ಲಿ ಈಗಿನ ಸದಸ್ಯರಲ್ಲಿ ಅರ್ಧ ಮಂದಿ ಗಲ್ಫಿನಲ್ಲಿರುತ್ತಾರೆ, ಉಳಿದ ಅರ್ಧಕ್ಕೆ ಮದುವೆ ಆಗಿರುತ್ತದೆ.

ಹಣಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಫೋಟೊ ತೆಗೆಯುವ ಯಾವ ಯಂತ್ರವಾದರೂ ದಿನಾ ಓಡುತ್ತಿದ್ದರೆ ಮಾತ್ರ ಸರಿಯಾಗಿರುತ್ತದೆ. ಮನೆಯ ಇಂಕ್‌ಜೆಟ್ ಕೂದಲಿಗಿಂತ ಸಣ್ಣ ರಂಧ್ರಗಳಿಂದ ಇಂಕಿನ ಹನಿ ಸಿಡಿಸುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ರಂಧ್ರದ ಬಾಯಲ್ಲಿ ಇಂಕು ಗಟ್ಟಿಯಾಗುತ್ತದೆ. ಲ್ಯಾಬಿನ ಹಳೆಯ ವಿಧಾನ ಬೇರೆಯೇ. ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಲೇಸರ್ ಬೆಳಕಿನಿಂದ ಚಿತ್ರ ಬಿಡಿಸಿ, ಡೆವಲಪರ್ ಮತ್ತು ಬ್ಲೀಚ್-ಫಿಕ್ಸ್ ದ್ರಾವಣಗಳಲ್ಲಿ ಹಾಯಿಸಿ ತೊಳೆಯುತ್ತಾರೆ. ಕಾಗದದ ಪದರಗಳ ಒಳಗೇ ಮೂರು ಬಣ್ಣ ಹುಟ್ಟುತ್ತದೆ, ಬೆಳ್ಳಿ ತೊಳೆದುಹೋಗುತ್ತದೆ. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದುವಾಗ ಬೆಳ್ಳಿಯ ಲವಣದ ಪಾಠ ಯಾಕೆ ಎಂದು ಬೇಸರಪಟ್ಟುಕೊಂಡವರಿಗೆ ಇಲ್ಲಿ ಉತ್ತರ ಇದೆ. ಈ ದ್ರಾವಣಗಳೂ ಹಾಗೆಯೇ: ಕೆಲಸ ಬರುತ್ತಾ ಇದ್ದರೆ ಹೊಸದನ್ನು ಸೇರಿಸುತ್ತಾ ಹದ ಕಾಪಾಡುತ್ತಾರೆ, ಕೆಲಸ ಇಲ್ಲದೆ ನಿಂತರೆ ಹದ ಕೆಡುತ್ತದೆ. ಈಗ ಕೆಲವು ಲ್ಯಾಬ್‌ಗಳಲ್ಲೂ ಇಂಕ್‌ಜೆಟ್ ಯಂತ್ರವೇ ಬಂದಿದೆ. ಅದು ಬೆಳಗಿಂದ ಸಂಜೆತನಕ ಓಡುತ್ತದೆ, ಬಣ್ಣ ನೋಡಿಕೊಳ್ಳಲು ಒಬ್ಬ ಮನುಷ್ಯ ಇರುತ್ತಾನೆ. ನಮ್ಮ ಪ್ರಿಂಟರ್ ಸಭಾಭವನದ ಕಪಾಟಿನಲ್ಲಿ ಇರುತ್ತದೆ. ಕಪಾಟಿನ ಕೀಲಿಕೈ ಯಾರಲ್ಲಿದೆ ಎಂಬುದು ಇವತ್ತಿಗೂ ತೀರ್ಮಾನವಾಗದ ಪ್ರಶ್ನೆ.

ಲ್ಯಾಬಿನಿಂದ ಬಂದದ್ದೆಲ್ಲ ಶಾಶ್ವತ ಎಂದು ನಾವು ಹೇಳುವುದಿಲ್ಲ. ಅಪ್ಪ-ಅಮ್ಮನ ಹಳೆಯ ಕಲರ್ ಆಲ್ಬಮ್ ತೆರೆದರೆ ಎಷ್ಟೋ ಫೋಟೊ ಕೆಂಪಗಾಗಿವೆ. ಆ ಕಾಲದ ಬಣ್ಣಗಳಲ್ಲಿ ನೀಲಿಯ ಅಂಶ ಬೇಗ ಸೋತಿತು. ಇನ್ನೊಂದು ಕಡೆ, ಪಿಗ್ಮೆಂಟ್ ಇಂಕು ಮತ್ತು ಅದಕ್ಕೆ ಹೊಂದುವ ಒಳ್ಳೆಯ ಕಾಗದ ಬಳಸಿ ಮನೆಯಲ್ಲಿ ತೆಗೆದ ಫೋಟೊ ಲ್ಯಾಬಿನದ್ದಕ್ಕಿಂತಲೂ ಹೆಚ್ಚು ಬಾಳಬಲ್ಲದು. ಡೈ ಇಂಕು ನೀರಿನಲ್ಲಿ ಸಕ್ಕರೆಯಂತೆ ಕರಗಿರುತ್ತದೆ, ಬೆಳಕು ಮತ್ತು ಗಾಳಿ ಅದನ್ನು ಬೇಗ ತಿನ್ನುತ್ತವೆ. ಪಿಗ್ಮೆಂಟ್ ಎಂದರೆ ಸಣ್ಣ ಬಣ್ಣದ ಕಣಗಳು, ಅವು ಗಟ್ಟಿ. ನಮ್ಮಲ್ಲಿ ಯಾರಾದರೂ ಫೋಟೊಗ್ರಫಿಯನ್ನೇ ಕಸುಬು ಮಾಡಿ ವಾರಕ್ಕೆ ಮೂರು ದಿನವಾದರೂ ಪ್ರಿಂಟ್ ತೆಗೆಯುವವರಿದ್ದರೆ ಅಂಥ ಪ್ರಿಂಟರ್ ಖಂಡಿತ ಕೊಳ್ಳಲಿ. ಹಬ್ಬದ ದಿನ ಸ್ಟಾಲಿನಲ್ಲಿ ಫೋಟೊ ತೆಗೆದು ಅಲ್ಲೇ ಕೈಗೆ ಕೊಡುವ ಯೋಚನೆ ಇದ್ದರೆ ಅದಕ್ಕೆ ರಿಬ್ಬನ್ನಿನಿಂದ ಬಣ್ಣ ಹತ್ತಿಸುವ ಚಿಕ್ಕ ಡೈ-ಸಬ್ಲಿಮೇಶನ್ ಯಂತ್ರ ಸರಿ. ಅದರಲ್ಲಿ ಒಣಗುವ ಇಂಕೇ ಇಲ್ಲ, ಮೇಲೆ ಒಂದು ರಕ್ಷಣೆಯ ಪದರವೂ ಬೀಳುತ್ತದೆ. ಆದರೆ ಅದೂ ಒಂದು ದಿನಕ್ಕೆ ಬಾಡಿಗೆಗೆ ಸಿಕ್ಕಿದರೆ ಸಾಕು.

ಪ್ರಿಂಟರ್ ಬೇಕೆನ್ನುವವರ ಒಂದು ಮಾತು ಮಾತ್ರ ನಮ್ಮನ್ನು ಯೋಚನೆಗೆ ಹಚ್ಚಿತು. ನಾವು ಕಾಸರಗೋಡಿನವರು, ನಮ್ಮ ಫೋಟೊಗಳು ಹೋಗುವುದು ಮಂಗಳೂರಿನ ಲ್ಯಾಬಿಗೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ಆಸ್ಪತ್ರೆಗೇ ಹೋಗಲಾಗದ ದಿನಗಳವು, ಫೋಟೊದ ಮಾತು ಎಲ್ಲಿ ಬಂತು. ಆದರೂ ಆಗ ತೀರಿಕೊಂಡ ಒಬ್ಬರ ಫೋಟೊವನ್ನು ಮನೆಯವರು ಸಾದಾ ಕಾಗದದಲ್ಲಿ ಆಫೀಸ್ ಪ್ರಿಂಟರಿನಿಂದ ತೆಗೆದು ರಟ್ಟಿಗೆ ಅಂಟಿಸಿ ಇಟ್ಟಿದ್ದನ್ನು ನಾವು ನೋಡಿದ್ದೇವೆ. ಗಡಿಯಲ್ಲಿ ಇರುವವರು ಎಲ್ಲದಕ್ಕೂ ಆಚೆ ಕಡೆಯನ್ನೇ ನಂಬಿಕೊಂಡರೆ ಹೀಗಾಗುತ್ತದೆ ಎನ್ನುವುದು ನಿಜ. ಹಾಗೆಂದು ಆ ದಿನಕ್ಕಾಗಿ ಪ್ರಿಂಟರ್ ಕೊಂಡು ಇಟ್ಟರೆ, ಆ ದಿನ ಬಂದಾಗ ಅದರ ರಂಧ್ರ ಒಣಗಿರುತ್ತದೆ. ಹಿರಿಯರ ಫೋಟೊವನ್ನು ಮೊದಲೇ ಚೆನ್ನಾಗಿ ತೆಗೆಸಿ ಅವರ ಮನೆಯ ಗೋಡೆಗೆ ತಲುಪಿಸಿದರೆ ಗಡಿ ಮುಚ್ಚಿದರೂ ಫೋಟೊ ಇರುತ್ತದೆ.

ನಮಗೆ ಅನಿಸುವುದು, ನಮ್ಮ ನಿಜವಾದ ಕೊರತೆ ಯಂತ್ರದ್ದಲ್ಲ. ಗ್ರೂಪಿನಲ್ಲಿ ಒಂದು ಹಬ್ಬಕ್ಕೆ 400 ಫೋಟೊ ಬೀಳುತ್ತದೆ, ಆರಿಸುವವರು ಯಾರೂ ಇಲ್ಲ. ಪ್ರಿಂಟರ್ ಕೈಯಲ್ಲೇ ಇದ್ದರೆ "ನಾಳೆ ತೆಗೆಯೋಣ" ಎಂದು ಮುಂದೂಡುವುದು ಇನ್ನೂ ಸುಲಭ. ಲ್ಯಾಬಿಗೆ ಇಂಥ ದಿನ ಕಳಿಸಬೇಕು ಎಂದಿದ್ದರೆ ಕೂತು ಆರಿಸಲೇಬೇಕಾಗುತ್ತದೆ.

ಲ್ಯಾಬಿಗೆ ಕೊಟ್ಟರೂ ಎಡವಟ್ಟು ಆಗುತ್ತದೆ, ಅದನ್ನೂ ಹೇಳಿಬಿಡುತ್ತೇವೆ. ಮೊಬೈಲಿನ ಫೋಟೊ ಸಾಮಾನ್ಯವಾಗಿ 4:3 ಅಳತೆಯದು. 4×6 ಕಾಗದ 3:2. ಕಾಗದ ಪೂರ್ತಿ ತುಂಬಬೇಕಾದರೆ ಮೇಲೆ-ಕೆಳಗೆ ಸೇರಿ ಅರ್ಧ ಇಂಚು ಕತ್ತರಿಸಿಹೋಗುತ್ತದೆ. ಪ್ರಥಮ ಪರಮಪ್ರಸಾದದ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನ ಟೀಚರಿಗೆ ಹಣೆಯೇ ಇಲ್ಲದೆ ಹೋದದ್ದು ಹೀಗೆ. ತಪ್ಪು ನಮ್ಮದೇ, ನೋಡದೆ ಕೊಟ್ಟೆವು. ಗ್ರೂಪ್ ಫೋಟೊಗೆ 6×8 ಹೇಳಿ, ಅದು ಸರಿಯಾಗಿ 4:3. ಫೈಲನ್ನು ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಪೆನ್‌ಡ್ರೈವ್ ಆದರೆ ಇನ್ನೂ ಒಳ್ಳೆಯದು. ಫ್ರೇಮ್ ಹಾಕಿಸುವಾಗ ಗಾಜು ಫೋಟೊಗೆ ತಾಗದಂತೆ ನಡುವೆ ರಟ್ಟಿನ ಮೌಂಟ್ ಇಡಲು ಹೇಳಿ. ನಮ್ಮ ಕರಾವಳಿಯ ತೇವಕ್ಕೆ ಫೋಟೊ ಗಾಜಿಗೆ ಅಂಟಿದರೆ ಬಿಡಿಸಲು ಹೋದವರು ಮುಖವನ್ನೇ ಕಿತ್ತುಕೊಂಡು ಬಂದದ್ದುಂಟು.

18,000 ರೂಪಾಯಿಗೆ 12ರ ದರದಲ್ಲಿ 1,500 ಫೋಟೊ ಬರುತ್ತದೆ, ನಮಗೆ ಐದು ವರ್ಷಕ್ಕೆ ಸಾಕು. ನಮ್ಮ ಸಲಹೆ, ಅದರಲ್ಲಿ ಮೊದಲು ಹಿರಿಯರ ಫೋಟೊವನ್ನು ಮತ್ತೆ ತೆಗೆದು, ಈ ಸಲ 6×8 ಅಳತೆಯಲ್ಲಿ ಲ್ಯಾಬಿನಿಂದ ಮಾಡಿಸಿ ಕೊಡುವುದು. ಮೂಲ ಫೈಲುಗಳ ಒಂದು ಪ್ರತಿ ಚರ್ಚ್ ಆಫೀಸಿನ ಕಂಪ್ಯೂಟರಿನಲ್ಲಿ, ಇನ್ನೊಂದು ಹಾರ್ಡ್‌ಡಿಸ್ಕಿನಲ್ಲಿ ಬೇರೆ ಕಡೆ. 64 ಮಂದಿಯಲ್ಲಿ ಈಗ ಉಳಿದಿರುವವರು 57. ಮಳೆ ಶುರುವಾಗುವ ಮೊದಲು, ಹಗಲಿನ ಬೆಳಕಿನಲ್ಲಿ, ಅವರವರ ಮನೆಯ ಜಗಲಿಯಲ್ಲೇ ತೆಗೆಯೋಣ. ಒಪ್ಪದವರು ಬರುವ ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಮೀಟಿಂಗಿಗೆ ಬನ್ನಿ, ಪ್ರಿಂಟರಿನ ಲೆಕ್ಕವನ್ನೂ ತನ್ನಿ. ಬರುವಾಗ ಆ ಕಪಾಟಿನ ಕೀಲಿಕೈ ಯಾರಲ್ಲಾದರೂ ಇದ್ದರೆ ಅದನ್ನೂ ತನ್ನಿ.